ದಣಿದ ಸ್ಪ್ರಿಂಗು

"ಹಿಂಡಿ ಯಜಮಾನ್ರೇ. ವೈರಿ ಕುತ್ತಿಗೆ ಅಂದ್ಕೊಂಡು ಹಿಂಡಿ," ಎಂದಳು ಆಸ್ಪತ್ರೆಯ ವ್ಯಾಯಾಮದ ಮೇಡಂ.

"ಯಾರ ಕುತ್ತಿಗೆ ಅಂತ ನೀವೇನು ಹೇಳ್ಕೊಡಬೇಕಾಗಿಲ್ಲ." ಮುಳ್ಳಣ್ಣ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಯಂತ್ರದ ಕಬ್ಬಿಣದ ಹಿಡಿಯನ್ನು ಹಿಂಡಿದ. ಮಣಿಕಟ್ಟಿನಲ್ಲಿ ಹುಟ್ಟಿದ ನೋವು ಮೊಣಕೈ ದಾಟಿ ಭುಜಕ್ಕೆ ಹೋಯಿತು. ಆ ಕುತ್ತಿಗೆಯ ಒಡೆಯ, ಅಂದರೆ ಅವನ ಸ್ವಂತ ತಮ್ಮ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ತೂಕದ ಕಲ್ಲುಗಳ ಮರದ ಪೆಟ್ಟಿಗೆ ಅವನ ಕಾಲ ನಡುವೆ ಇತ್ತು.

"ಹನ್ನೆರಡು," ಮೇಡಂ ಓದಿದಳು. "ಹೋದ ವಾರಾನೂ ಹನ್ನೆರಡೇ."

"ನಿಮ್ಮ ಯಂತ್ರಕ್ಕೆ ಹನ್ನೆರಡರಿಂದಾಚೆ ಎಣಿಸೋಕೆ ಬರಲ್ಲ."

ಮೇಡಂಗೆ ಮೂವತ್ತು ದಾಟಿರಲಿಲ್ಲ, ನಾಲಿಗೆಗೆ ಮಾತ್ರ ಅರವತ್ತಾಗಿತ್ತು. "ಯಂತ್ರಕ್ಕೆ ಬರುತ್ತೆ. ಮನೇಲಿ ಮೇಣ ಹಿಸುಕದೆ ಬರೋ ಕೈಗೆ ಬರಲ್ಲ," ಎಂದಳು.

ತಕ್ಕಡಿ ರಿಪೇರಿ ಮಾಡುವವನಿಗೆ ಬೀದಿಯವರು ಇಟ್ಟ ಹೆಸರು ಮುಳ್ಳಣ್ಣ. ಯಾವ ಅಂಗಡಿಗೆ ಹೋದರೂ ಮೊದಲು ತಕ್ಕಡಿಯ ಮುಳ್ಳನ್ನು ನೋಡಿ, ಆಮೇಲೆ ಅಂಗಡಿಯವನ ಮುಖ ನೋಡುವ ಅಭ್ಯಾಸ ಅವನದು. ಸ್ವಭಾವಕ್ಕೂ ಆ ಹೆಸರು ಒಪ್ಪುತ್ತಿತ್ತೆಂದು ಹೇಳಿದರೆ ತಪ್ಪಲ್ಲ. ನಲವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ವ್ಯಾಪಾರಿಯೂ ಅವನಿಂದ ಒಂದು ಗ್ರಾಮಿನ ದಾಕ್ಷಿಣ್ಯ ಗಿಟ್ಟಿಸಿರಲಿಲ್ಲ.

ಮೂರು ತಿಂಗಳ ಹಿಂದೆ ಅಣ್ಣತಮ್ಮಂದಿರು ಸೇರಿ ಗೋದಾಮಿನ ದೊಡ್ಡ ತಕ್ಕಡಿಯೊಂದನ್ನು ಎತ್ತುತ್ತಿದ್ದಾಗ ತಮ್ಮನಿಗೆ ಸೀನು ಬಂತು. ಅವನ ಕೈ ಜಾರಿತು. ಹಲಗೆಯ ಅಂಚು ಅಣ್ಣನ ಬಲಗೈ ಮಣಿಕಟ್ಟಿನ ಮೇಲೆ ಕೂತಿತು. "ಸೀನಂತೆ ಸೀನು! ಬೇಕಂತಲೇ ಬಿಟ್ಟ," ಎಂದು ಮುಳ್ಳಣ್ಣ ಬೀದಿಗೆಲ್ಲ ಸಾರಿದ. ಅವತ್ತಿನಿಂದ ತಮ್ಮನೊಂದಿಗೆ ಮಾತಿಲ್ಲ. ಹೇಳಲೇಬೇಕಾದದ್ದಿದ್ದರೆ ಗೋಡೆಗೋ ಕುರ್ಚಿಗೋ ಹೇಳುತ್ತಿದ್ದ, ತಮ್ಮ ಕೇಳಿಸಿಕೊಳ್ಳುತ್ತಿದ್ದ.

ರಿಪೇರಿಯ ಲೈಸನ್ಸು ಇದ್ದದ್ದು ಅಣ್ಣನ ಹೆಸರಿನಲ್ಲಿ. ಅದನ್ನು ಮುಂದುವರಿಸಬೇಕಾದರೆ ಮುರಿದ ಕೈಗೆ ಹದಿನೈದು ಕಿಲೋ ಹಿಡಿತ ಬಂದಿದೆ ಎಂಬ ಕಾಗದ ಬೇಕೆಂದು ತೂಕ-ಅಳತೆ ಕಚೇರಿಯವರು ಹೇಳಿದ್ದರು. ಸೋಮವಾರ ಕಡೆಯ ದಿನ. ಕಾಗದ ಕೊಡದಿದ್ದರೆ ಲೈಸನ್ಸು ತಮ್ಮನ ಹೆಸರಿಗೆ, ಅದರ ಹಿಂದೆಯೇ ಅಪ್ಪ ಕೂತ ಮೇಜು, ಮುದ್ರೆ, ಬೋರ್ಡಿನ ಮೇಲಿನ ಹೆಸರು. ತನ್ನ ಅಂಗಡಿಯಲ್ಲಿ ತಾನೇ ತಮ್ಮನ ಕೈಯಾಳಾಗುವುದನ್ನು ನೆನೆದರೆ ಮುಳ್ಳಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಆ ಕೋಣೆಯ ಒಂದೊಂದು ಸಾಮಾನನ್ನೂ ಅವನು ದ್ವೇಷಿಸುತ್ತಿದ್ದ. ಹಿಸುಕುವ ಹಸಿರು ಮೇಣ, ಬೆರಳು ತೂರಿಸಿ ಎಳೆಯುವ ರಬ್ಬರ್ ಬಲೆ, ಹಗ್ಗ ಸುತ್ತಿ ಮರಳಿನ ಚೀಲ ಮೇಲೆತ್ತುವ ಕೋಲು, ತೂತಿನ ಹಲಗೆಗೆ ಚುಚ್ಚುವ ಬಣ್ಣದ ಗೂಟ. ಕೂದಲೆಳೆಯಷ್ಟು ಸಣ್ಣ ತಿರುಪು ಕೂರಿಸಿದ ಬೆರಳಿಗೆ ಮಕ್ಕಳ ಆಟದ ಗೂಟ! ಎಲ್ಲಕ್ಕಿಂತ ಹೆಚ್ಚಾಗಿ ದ್ವೇಷಿಸಿದ್ದು ಹಿಡಿತ ಅಳೆಯುವ ಈ ಯಂತ್ರವನ್ನು. ಒಳಗೆ ಸ್ಪ್ರಿಂಗು, ಹೊರಗೆ ಗಾಜು, ಮುಳ್ಳು, ಕಿಲೋ ಗೆರೆಗಳು. ತನ್ನ ಜಾತಿಯ ವಸ್ತುವೇ ತನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಇದು ಕಮ್ಮಿ ತೋರಿಸುತ್ತದೆ ಎಂದು ಏಳು ವಾರ ಜಗಳವಾಡಿದ. "ಹಾಗಾದ್ರೆ ನಿಮ್ಮ ಕಲ್ಲು ತಂದು ತೂಗಿ. ಕಮ್ಮಿ ಇದ್ರೆ ನಿಮ್ಮ ಕಾಲಿಗೆ ಬೀಳ್ತೀನಿ," ಎಂದಿದ್ದಳು ಮೇಡಂ ಹೋದ ವಾರ. ಪೆಟ್ಟಿಗೆ ಬಂದದ್ದು ಅದಕ್ಕೇ. ಹೊರಲು ಬಲಗೈ ಬಾರದಾದ್ದರಿಂದ ತಮ್ಮನೂ ಬಂದ.

ಎರಡನೆಯ ಸಲ ಹದಿಮೂರು. ಇದ್ದ ಮೂರು ಸಲದಲ್ಲಿ ಉಳಿದದ್ದು ಒಂದೇ.

"ನಿಧಾನಕ್ಕೆ ಅಣ್ಣ," ಎಂದ ತಮ್ಮ.

ಆ ಕನಿಕರ ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. ಕಣ್ಣು ಮುಚ್ಚಿ, ಮೂರು ತಿಂಗಳ ಸಿಟ್ಟನ್ನೆಲ್ಲ ಬೆರಳಿಗೆ ತಂದು ಮುಳ್ಳಣ್ಣ ಹಿಂಡಿದ. ಗಂಟಲಿನಿಂದ ಪ್ರಾಣಿಯಂಥ ಸದ್ದು ಹೊರಟಿತು.

"ಹದಿನೈದು," ಎಂದಳು ಮೇಡಂ. ಮತ್ತೊಮ್ಮೆ ಬಗ್ಗಿ ನೋಡಿದಳು. "ಹದಿನೈದೇ."

ಅವಳು ಕಾಗದ ಎಳೆದುಕೊಂಡು ಬರೆಯತೊಡಗಿದಳು. ಅಲ್ಲಿಗೆ ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಗೆದ್ದವನಿಗೆ ಗೆಲುವು ಸಾಲುವುದಿಲ್ಲ, ಸೋತವರ ಮುಖವೂ ಬೇಕು.

"ಹದಿನೈದಲ್ಲ, ಹದಿನೇಳು," ಎಂದ ಮುಳ್ಳಣ್ಣ. "ಕಲ್ಲು ನೇತುಹಾಕಿ ತೋರಿಸ್ತೀನಿ. ಕಾಲಿಗೆ ಬೀಳ್ತೀನಿ ಅಂದಿದ್ರಲ್ಲ?"

"ಬಿಡಣ್ಣ," ತಮ್ಮ ಎದ್ದು ನಿಂತ. "ಸಿಕ್ತಲ್ಲ. ಕಾಗದ ಇಸ್ಕೊಂಡು ಹೋಗೋಣ."

ಮುಳ್ಳಣ್ಣ ಬೀರುವಿನ ಕಡೆ ತಿರುಗಿ, "ಪೆಟ್ಟಿಗೆ ಹೊರೋಕೆ ಬಂದವರು ಪೆಟ್ಟಿಗೆ ತೆಗೀಲಿ. ಬುದ್ಧಿ ಹೇಳೋಕೆ ಯಾರೂ ಕರೆದಿಲ್ಲ," ಎಂದ.

"ಅಣ್ಣ, ಬೇಡ."

"ಲೈಸನ್ಸು ಕೈ ತಪ್ಪಿತು ಅಂತ ಕೆಲವರಿಗೆ ಹೊಟ್ಟೆ ಉರೀತಿದೆ," ಎಂದು ಬೀರುವಿಗೆ ತಿಳಿಸಿದ.

ತಮ್ಮ ಪೆಟ್ಟಿಗೆ ತೆರೆದ. ಭುಜದ ವ್ಯಾಯಾಮಕ್ಕೆಂದು ಗೋಡೆಗೆ ಹೊಡೆದಿದ್ದ ಕೊಕ್ಕೆಗೆ ಯಂತ್ರವನ್ನು ಸಿಕ್ಕಿಸಿ, ಕೆಳಗಿನ ಹಿಡಿಗೆ ಸರಪಳಿ ಕಟ್ಟಿ, ಐದು ಕಿಲೋ ಕಲ್ಲನ್ನು ಮೆಲ್ಲಗೆ ಇಳಿಬಿಟ್ಟ. ಮುಳ್ಳಣ್ಣ ಕನ್ನಡಕ ಏರಿಸಿ ಹತ್ತಿರ ಹೋದ. ಏಳು ವಾರದಲ್ಲಿ ಅವನು ಈ ಮುಳ್ಳು ಏರುವುದನ್ನು ಕಂಡದ್ದು ಇದೇ ಮೊದಲು. ನೋವಿಗೆ ಕಣ್ಣು ಮುಚ್ಚುತ್ತಿದ್ದವನಿಗೆ ಸಂಖ್ಯೆ ಬರುತ್ತಿದ್ದದ್ದು ಮೇಡಂ ಬಾಯಿಂದ.

ಮುಳ್ಳು ಗಕ್ಕನೆ ಜಿಗಿದು ಆರೂವರೆಯಲ್ಲಿ ನಿಂತಿತು.

"ಇನ್ನೊಂದೈದು," ಎಂದ. ದನಿ ಸಣ್ಣದಾಗಿತ್ತು. ತಮ್ಮ ಇನ್ನೊಂದು ಕಲ್ಲು ಸೇರಿಸಿದ. ಹತ್ತು ಕಿಲೋಗೆ ಹದಿಮೂರು.

ಹಳೆಯ ಸ್ಪ್ರಿಂಗು ಹೊಗಳುಭಟ್ಟ, ದಣಿದಷ್ಟೂ ಜಾಸ್ತಿ ಹೇಳುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅವನು ಮೊದಲ ದಿನ ಹೇಳುತ್ತಿದ್ದ ಮಾತು ಅದು. ಲೆಕ್ಕ ತಾನಾಗಿ ತಲೆಯೊಳಗೆ ನಡೆದುಹೋಯಿತು: ಅವನ ಹದಿನೈದು ಅಂದರೆ ಹನ್ನೊಂದೂವರೆ. ಹೋದ ವಾರದ ಹನ್ನೆರಡು ಅಂದರೆ ಒಂಬತ್ತು ಚಿಲ್ಲರೆ. ಮುಳ್ಳಣ್ಣನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು.

ಮೇಡಂ ಮುಖ ಬಿಳಿಚಿತ್ತು. ಆದರೂ ಸೋಲಲಿಲ್ಲ. "ಯಂತ್ರ ತೋರಿಸಿದ್ದು ಹದಿನೈದು. ನಾನು ಬರೆದಿದ್ದೂ ಅದೇ. ಸುಳ್ಳು ಬರ್ದಿಲ್ಲ. ತಗೊಂಡು ಹೋಗ್ತೀರೋ ಇಲ್ವೋ ನಿಮಗೆ ಬಿಟ್ಟಿದ್ದು," ಎಂದು ಕಾಗದವನ್ನು ಮೇಜಿನಂಚಿಗೆ ತಳ್ಳಿದಳು.

ಮುಳ್ಳಣ್ಣ ಕಾಗದ ಮುಟ್ಟಲಿಲ್ಲ. ತಮ್ಮನ ಕಡೆ ತಿರುಗಿದ. ಗೋಡೆಯ ಕಡೆಗಲ್ಲ, ಬೀರುವಿನ ಕಡೆಗಲ್ಲ.

"ನಿಂಗೆ ಮೊದಲೇ ಗೊತ್ತಿತ್ತಾ?"

"ಮೊದಲನೇ ಸಲ ಹಿಂಡಿದಾಗಲೇ. ಮುಳ್ಳು ಜಿಗೀತು, ದಣಿದ ಸ್ಪ್ರಿಂಗಿನ ಹಾಗೆ."

"ಗೊತ್ತಿದ್ದೂ ಬಾಯಿ ಬಿಡಲಿಲ್ಲ?"

"ಬಿಡು ಅಂದೆನಲ್ಲ. ನೀನು ಕೇಳ್ದೆಯಾ?"

"ಸುಳ್ಳು ತೂಕದಲ್ಲಿ ನಂಗೆ ಲೈಸನ್ಸು ಕೊಡಿಸೋಕೆ ಹೊರಟಿದ್ಯಾ? ಭಿಕ್ಷೆ ಹಾಕ್ತೀಯಾ?" ಮಣಿಕಟ್ಟಿನ ಮೇಲೆ ಹಲಗೆ ಬಿದ್ದ ದಿನವೂ ಅವನು ಇಷ್ಟು ಕೂಗಿರಲಿಲ್ಲ. "ಅಪ್ಪನ ಮೇಜಿನ ಮುಂದೆ ಕೂತು ಇದನ್ನೇ ಕಲಿತದ್ದಾ?"

"ಹೌದು, ಭಿಕ್ಷೆನೇ!" ತಮ್ಮನೂ ಸಿಡಿದ. "ಮೂರು ತಿಂಗಳಿಂದ ಬೀದೀಲಿ ತಲೆ ಎತ್ತೋಕಾಗ್ತಿಲ್ಲ ನಂಗೆ. ಅಣ್ಣನ ಕೈ ಮುರಿದು ಅಂಗಡಿ ಹೊಡ್ಕೊಂಡ ಅಂತಾರೆ. ನಂಗೆ ಬೇಡ ನಿನ್ನ ಲೈಸನ್ಸು. ತಗೊಂಡು ಹೋಗಿ ತಲೆದಿಂಬಿನಡಿ ಇಟ್ಕೋ!"

ಮುಳ್ಳಣ್ಣ ಎಡಗೈಯಿಂದ ಕಾಗದ ಎತ್ತಿ ಮೇಡಂ ಮುಂದೆ ಬಡಿದ. "ಹೊಡೆದುಹಾಕಿ. ಹನ್ನೊಂದೂವರೆ ಅಂತ ಬರೀರಿ. ಸೋಮವಾರ ಇವನೇ ಹೋಗಿ ಬರೆಸ್ಕೊಳ್ಳಲಿ ಇವನ ಹೆಸರು. ಹಾಳಾಗಿ ಹೋಗಲಿ."

ಅವಳು ಗೀಟೆಳೆದು ಬರೆದಳು.

ಆಮೇಲೂ ಅವನು ಹೋಗಲಿಲ್ಲ. ತಪ್ಪು ತೂಕದ ಯಂತ್ರವನ್ನು ಹಾಗೇ ಬಿಟ್ಟು ಹೋಗುವುದು ಅವನಿಂದಾಗದ ಕೆಲಸ. ಗಾಜು ಬಿಚ್ಚಿಸಿದ. ಬಲಗೈ ಬೆರಳಿಗೆ ತಿರುಪುಳಿ ನಿಲ್ಲದೆ ಎರಡು ಸಲ ಜಾರಿದಾಗ ತಮ್ಮ ಕೇಳದೆಯೇ ಅದನ್ನು ಕಸಿದುಕೊಂಡ. "ಒಂದು ಸುತ್ತು ಒಳಗೆ ಸರಿಸು. ಒಂದೇ ಅಂದೆ, ಕಿವುಡನಾ?" ಎಂದು ಅಣ್ಣ ಬೈಯುತ್ತ ಹೋದ, ತಮ್ಮ ಮರುಬೈಯುತ್ತ ತಿರುಗಿಸಿದ. ಕಡೆಗೆ ಐದಕ್ಕೆ ಐದು, ಹತ್ತಕ್ಕೆ ಹತ್ತು ಬಂತು. ಅಷ್ಟರಲ್ಲಿ ಮುಂದಿನ ಸರದಿಯ ಹೆಂಗಸು ಒಳಗೆ ಬಂದು ನಿಂತಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಅಂಗೈಯುದ್ದಕ್ಕೂ ಹೊಲಿಗೆಯ ಗುರುತು.

"ಹೋದ ಸಲ ಎಂಟಿತ್ತು ಮೇಡಂ," ಎಂದಳು ನಗುತ್ತ. "ಒಂಬತ್ತಾದ್ರೆ ಕೆಲಸಕ್ಕೆ ಹೋಗು ಅಂದಿದ್ರಿ. ನಾಳೆಯಿಂದ ಬರ್ತೀನಿ ಅಂತ ಲಾಂಡ್ರಿ ಯಜಮಾನರಿಗೆ ಹೇಳ್ಬಿಟ್ಟಿದೀನಿ."

ಮೇಡಂ ಮುಳ್ಳಣ್ಣನನ್ನು ನೋಡಿದಳು. ಕೊಲ್ಲುವ ನೋಟ. ಯಂತ್ರವನ್ನು ಆ ಹೆಂಗಸಿನ ಕೈಗಿಟ್ಟಳು.

ಹೆಂಗಸು ತುಟಿ ಕಚ್ಚಿ ಹಿಂಡಿದಳು. ಮುಳ್ಳು ಏಳಕ್ಕೆ ಹೋಗಿ ನಿಂತಿತು. ಅವಳು ಯಂತ್ರವನ್ನು ತಿರುಗಿಸಿ ನೋಡಿದಳು, ತನ್ನ ಅಂಗೈ ನೋಡಿಕೊಂಡಳು, ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಎಂಟಿತ್ತಲ್ಲ?" ಎಂದಳು.

ತಮ್ಮ ಕಲ್ಲುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಳಿಸುತ್ತಿದ್ದ. ಮುಳ್ಳಣ್ಣ ಎಡಗೈಯಿಂದ ಕುರ್ಚಿಯೊಂದನ್ನು ಎಳೆದು ಅವಳ ಹಿಂದೆ ಇಟ್ಟ.