ಎರಡೆರಡು ಟಿಕೆಟ್ಟು

ಯಾವ ಪತ್ರಿಕೆಯ ಸಂಬಳವೂ ಇಲ್ಲದೆ, ಕೇಳಿದವರಿಗೆ ಲೇಖನ ಬರೆದುಕೊಟ್ಟು ಬದುಕುತ್ತಿದ್ದ ಸೊಸೆಗೆ ಬರೆಯುವುದೇನೋ ಚೆನ್ನಾಗಿ ಬರುತ್ತಿತ್ತು. ಬರೆಯುವುದಕ್ಕೆ ಆದ ಖರ್ಚನ್ನು ಬರೆದಿಡುವುದು ಮಾತ್ರ ಬರುತ್ತಿರಲಿಲ್ಲ. ಕೆಲಸದ ಖರ್ಚನ್ನು ಆದಾಯದಿಂದ ಕಳೆದು, ಉಳಿದದ್ದಕ್ಕಷ್ಟೇ ತೆರಿಗೆ ಕಟ್ಟಬಹುದೆಂದು ಅವಳಿಗೂ ಗೊತ್ತು. ಆದರೆ ಹಿಂದಿನ ವರ್ಷ ಅರ್ಧಕ್ಕರ್ಧ ರಸೀದಿಗಳು ಜೇಬಿನಲ್ಲೇ ಉಳಿದು ಬಟ್ಟೆಯ ಜೊತೆ ಒಗೆತಕ್ಕೆ ಹೋಗಿ, ಸುಮ್ಮನೆ ಹೆಚ್ಚು ತೆರಿಗೆ ತೆತ್ತಿದ್ದಳು. ಈ ವರ್ಷ ಆ ಉಸ್ತುವಾರಿಯನ್ನು ಅತ್ತೆ ವಹಿಸಿಕೊಂಡರು.

ಅತ್ತೆ ನಲವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ದುಡಿದವರು. ಗಿರಾಕಿಗಳ ಅಳತೆ ಚೀಟಿಗಳನ್ನು ಜೋಡಿಸಿಡುತ್ತಿದ್ದ ಹಾಗೆಯೇ ರಸೀದಿಗಳನ್ನು ಖರ್ಚಿನ ಬಗೆ ನೋಡಿ ತಿಂಗಳುವಾರು ಕಟ್ಟಿ, ಮೂಲೆಗೊಂದು ಹೊಲಿಗೆ ಹಾಕಿಟ್ಟರು. ಶಾಯಿ ಮಾಸುವಂಥವನ್ನು ಮಗನ ಫೋನಿನಲ್ಲಿ ಫೋಟೊ ತೆಗೆಸಿದರು. ಸೊಸೆ ಮನೆಗೆ ಕಾಲಿಟ್ಟೊಡನೆ, ಚಪ್ಪಲಿ ಬಿಡುವ ಮೊದಲೇ ಕೈ ಚಾಚುತ್ತಿದ್ದರು: "ಎಲ್ಲಿ, ಇವತ್ತಿಂದು ತೆಗಿ."

ವರ್ಷದ ಲೆಕ್ಕ ಮುಗಿಯಲು ಮೂರು ವಾರವಿದ್ದಾಗ ಇಬ್ಬರೂ ಆಡಿಟರ ಕಚೇರಿಗೆ ಹೋದರು. ಕಾಗದ, ಇಂಟರ್ನೆಟ್ಟು, ನಿಘಂಟು ಎಲ್ಲ ಸಲೀಸಾಗಿ ದಾಟಿದವು. ಹೊಸ ಕನ್ನಡಕದ ಬಿಲ್ಲನ್ನು ಆಡಿಟರು "ಇದು ನಡೆಯಲ್ಲ" ಎಂದು ಪಕ್ಕಕ್ಕಿಟ್ಟರು. ಪ್ರಯಾಣದ ಕಟ್ಟು ಬಿಚ್ಚಿದಾಗ ಅವರ ಹುಬ್ಬು ಮೇಲೇರಿತು.

"ಬಸ್ ಟಿಕೆಟ್ಟೆಲ್ಲ ಎರಡೆರಡು ಯಾಕಿದೆ?"

ಹಳೆಯ ದರ್ಜಿಗಳ ಬಗ್ಗೆ ಲೇಖನಮಾಲೆ ಬರೆಯಲು ಸೊಸೆ ಆ ವರ್ಷ ಹನ್ನೊಂದು ಊರು ಸುತ್ತಿದ್ದಳು. "ಒಂದು ನಂದು, ಒಂದು ಅತ್ತೇದು. ಅವರದ್ದು ಬಿಟ್ಬಿಡಿ ಸರ್, ಸುಮ್ನೆ ಜೊತೆಗೆ ಬಂದಿದ್ರು."

ಅತ್ತೆಯ ಮುಖ ಊದಿಕೊಂಡಿತು. "ಸುಮ್ನೆ ಜೊತೆಗಾ? ಆ ಮುಂಗೋಪಿ ದರ್ಜಿ ನಿನ್ನನ್ನ ಎರಡು ಸಲ ಬಾಗಿಲಿಂದಾನೇ ವಾಪಸ್ ಕಳಿಸಿರಲಿಲ್ವೇನೇ? ಅವನ ಬಾಯಿ ಬಿಡಿಸಿದ್ದು ಯಾರು?"

ಸೊಸೆ ನಾಲಗೆ ಕಚ್ಚಿಕೊಂಡಳು. ಮಾತು ನಿಜವೇ. ಅಂದು ಅತ್ತೆ ಅವನು ಹೊಲಿದಿದ್ದ ಕೋಟಿನ ಕಾಲರು ತಿರುವಿ ನೋಡಿ, "ಯಾರೂ ನೋಡಲ್ಲ ಅಂತ ಗೊತ್ತಿದ್ದೂ ಒಳಗಡೆ ಎಷ್ಟು ಸಣ್ಣ ಹೊಲಿಗೆ ಹಾಕಿದೀರಪ್ಪಾ!" ಎಂದದ್ದೇ ತಡ, ಆತ ಸ್ಟೂಲು ಎಳೆದು ಕೂರಿಸಿ ಮಧ್ಯಾಹ್ನವಿಡೀ ಮಾತಾಡಿದ್ದ. ಓದುಗರು ವಿಳಾಸ ಹುಡುಕಿಕೊಂಡು ಪತ್ರ ಬರೆದದ್ದು ಆ ಲೇಖನಕ್ಕೇ.

ತಪ್ಪಾಯಿತೆಂದು ಒಪ್ಪಿಕೊಂಡು ಅದನ್ನೆಲ್ಲ ಹೇಳಿದಳು. ಆಡಿಟರು ಪೆನ್ನು ಕೆಳಗಿಟ್ಟರು.

"ಅಂದ್ರೆ ಇವರು ಕೆಲಸ ಮಾಡಿದಾರೆ. ಹಾಗಿದ್ರೆ ಟಿಕೆಟ್ಟೂ ಖರ್ಚೇ. ಸಂಭಾವನೆ ಎಷ್ಟು ಕೊಟ್ರಿ?"

"ಏನೂ ಕೊಟ್ಟಿಲ್ಲ ಸರ್," ಎಂದಳು ಸೊಸೆ.

"ಮಾಡಿದ ಕೆಲಸಕ್ಕೆ ತಕ್ಕಷ್ಟು ಕೊಡಿ. ಬ್ಯಾಂಕ್ ಮೂಲಕ, ವರ್ಷ ಮುಗಿಯೋದ್ರೊಳಗೆ. ಅದನ್ನೂ ಖರ್ಚಿಗೆ ಹಾಕ್ಕೋಬಹುದು. ಆದ್ರೆ ಅಮ್ಮಾ, ಅದು ನಿಮ್ಮ ಆದಾಯ ಆಗುತ್ತೆ."

ಅತ್ತೆ ನೆಟ್ಟಗೆ ಕೂತರು. "ಹಾಗಾದ್ರೆ ನಾನೂ ತೆರಿಗೆ ಕಟ್ಬೇಕಾ?"

"ಇಷ್ಟಕ್ಕೆಲ್ಲ ತೆರಿಗೆ ಬರಲ್ಲಮ್ಮಾ."

"ಅಷ್ಟೇನಾ," ಎಂದು ಅವರು ಪೆಚ್ಚಾದದ್ದನ್ನು ಕಂಡು ಆಡಿಟರಿಗೇ ನಗು ತಡೆಯಲಾಗಲಿಲ್ಲ.

ಮನೆಗೆ ಬಂದು ಸೊಸೆ ಊರಿಗಿಷ್ಟೆಂದು ಲೆಕ್ಕ ಹಾಕಿದಳು. "ಮನೇವ್ರಿಗೆ ಯಾರಾದ್ರೂ ದುಡ್ಡು ಕೊಡ್ತಾರೇನೇ?" ಎಂದು ಅತ್ತೆ ಸ್ವಲ್ಪ ಹೊತ್ತು ಬಿಗುಮಾನ ಮಾಡಿದರು. ಆಮೇಲೆ ಚೀಟಿಯನ್ನು ಇಣುಕಿ ನೋಡಿ, "ಹನ್ನೊಂದಲ್ಲ, ಹತ್ತು ಊರು ಬರಿ. ಒಂದ್ಕಡೆ ನಾನು ಬೆಂಚಿನ ಮೇಲೆ ನಿದ್ದೆ ಹೊಡೆದುಬಿಟ್ಟಿದ್ದೆ" ಎಂದರು. ಹಣ ಬ್ಯಾಂಕ್ ಖಾತೆಗೆ ಬಿದ್ದ ಮೇಲೆ ರಸೀದಿಯನ್ನು ತಾವೇ ಕುಳಿತು ಬರೆದರು: ದರ್ಜಿಗಳನ್ನು ಮಾತಾಡಿಸಿದ ಬಾಬ್ತು. ಕೆಳಗೆ ಕಾಗದದ ಅಂಚಿನವರೆಗೂ ಎಳೆದು ಸಹಿ ಹಾಕಿದರು. ಅದನ್ನು ನೋಡುತ್ತ ನಿಂತ ಸೊಸೆಗೆ, ಇಷ್ಟು ದಿನ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮರುವಾರ ಗುಂಡಿ ತಯಾರಿಸುವ ಒಬ್ಬ ಮುದುಕಿಯನ್ನು ನೋಡಲು ಹೋಗಬೇಕಿತ್ತು. ಸೊಸೆ ಇನ್ನೂ ತಲೆ ಬಾಚಿಕೊಳ್ಳುತ್ತಿರುವಾಗಲೇ ಬಾಗಿಲಿಂದ ಕೂಗು ಬಂತು:

"ಬೇಗ ಬಾರೇ, ಕೆಲಸಕ್ಕೆ ಹೊತ್ತಾಯ್ತು!"