ಶಿವದಾರ

ಜೀವ ಇರುವತನಕ ನಿಮ್ಮ ಮೈಮೇಲಿನ ಲಿಂಗ ಇಳಿಸಲು ಬಿಡುವುದಿಲ್ಲ ಅಂತ ಅತ್ತೆಗೆ ಮಾತು ಕೊಟ್ಟಾಗ ನಾನು ಹೊಸ ಸೊಸೆ, ಮಾವನವರ ಮಣ್ಣು ಮುಗಿಸಿ ಖಾನಾಪುರದ ಮನೆಗೆ ಆಗಷ್ಟೇ ಬಂದಿದ್ದೆವು, ಅವರ ಲಿಂಗವನ್ನು ದವಾಖಾನೆಯವರು ಬಿಚ್ಚಿ ಚಪ್ಪಲಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು, ನನಗ ಹಂಗ ಮಾಡಬ್ಯಾಡ ನಾಗೂ ಅಂದರು ಅತ್ತೆ, ಇಲ್ರೀ ಅಂದೆ, ಅನ್ನುವುದಕ್ಕೇನು — ಬೆಳಗಾವಿಯ ಈ ಆಸ್ಪತ್ರೆಯಲ್ಲಿ ಬಾಗಿಲ ಮೇಲೆ ಕೆಂಪು ದೀಪ, ಒಳಗೆ ಅತ್ತೆ, ನನ್ನ ಮುಷ್ಟಿಯಲ್ಲಿ ಅವರ ಲಿಂಗದ ಬೆಳ್ಳಿ ಕರಡಿಗೆ, ಇನ್ನೂ ಬೆಚ್ಚಗಿದೆ, ಬಿಸಿ ಅವರದೋ ನನ್ನದೋ, ಇವರು ರಕ್ತ ತರಲು ಕೆಳಗೆ ಓಡಿದ್ದಾರೆ, ಅತ್ತೆಯ ಕುತ್ತಿಗೆಯ ಸುತ್ತ ಆ ಬಿಳಿ ಗೆರೆ — ಹೋದ ವಾರ ಅಂದಿದ್ದರು, ಎದಿ ಮ್ಯಾಲೆ ಲಿಂಗ ಭಾಳ ಭಾರ ಆಗೇತಿ ನೋಡು, ಭಾರ ದೇವರದ್ದಲ್ರೀ, ನಿಮ್ಮ ಮಗ ಮಾಡಿಸಿದ ಬೆಳ್ಳೀದು ಅಂದೆ, ನಕ್ಕರು, ನಿನ್ನ ಕತ್ತರಿಕಿಂತ ನಿನ್ನ ನಾಲಿಗಿ ಚೂಪ ಐತಿ, ಶಾಲೆ ಶುರುವಾಗುವ ಹೊತ್ತು, ಯುನಿಫಾರ್ಮ್ ರಾಶಿ ಬಿದ್ದಿತ್ತು, ಮಷೀನು ಬಿಟ್ಟೆದ್ದು ಲಿಂಗದ ಶಿವದಾರ ಬದಲಿಸಿ ಉದ್ದ ಮಾಡಿದೆ, ಕರಡಿಗೆ ಎದೆಯಿಂದ ಕೆಳಗಿಳಿಯಿತು, ಹಗರ ಆತೇನ್ರಿ, ಹೂಂ ಅಂದರು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು, ನಾನು ಮತ್ತೆ ಗುಂಡಿ ಹಚ್ಚತೊಡಗಿದೆ —

ಭಾರ ಲಿಂಗದ್ದಲ್ರೀ, ಅಟ್ಯಾಕ್ ಆಗೇದ, ಅವತ್ತಽ ಕರಕೊಂಡು ಬಂದಿದ್ರ ಸ್ಟೆಂಟ್ ಹಾಕಿ ಮುಗಸ್ತಿದ್ವಿ ಅಂದರು ಡಾಕ್ಟರು, ಈಗ ಹೃದಯದ ನಡುವಿನ ಗೋಡೆ ಹರಿದಿದೆಯಂತೆ, ಎದೆ ತೆರೆದರೆ ಈ ಜೀವ ತಾಳುವುದಿಲ್ಲ, ತೊಡೆಯಿಂದೊಂದು ಕುತ್ತಿಗೆಯಿಂದೊಂದು ಸಣ್ಣ ನಳಿಗೆ ಹಾಯಿಸಿ, ತೂತಿಗೆ ಗುಂಡಿಯಂಥದ್ದನ್ನು ಕೂಡಿಸುತ್ತಾರಂತೆ, ಅಂಚು ಮೆತ್ತಗದ, ಹಿಡದ್ರ ಹಿಡೀತು — ಜೀರ್ಣವಾದ ಅರಿವೆಗೆ ಹಚ್ಚಿದ ಗುಂಡಿ ಅರಿವೆಯನ್ನೇ ಹರಿದುಕೊಂಡು ಬರುತ್ತದೆ, ಎಷ್ಟು ಸಲ ನೋಡಿಲ್ಲ — ಕುತ್ತಿಗೆ ಖಾಲಿ ಬೇಕು ಅಂದರು, ಮುಖದ ತುಂಬ ಆಕ್ಸಿಜನ್ ಮಾಸ್ಕು, ದಾರ ತಲೆಯಿಂದ ಬರುವಂತಿರಲಿಲ್ಲ, ಸಿಸ್ಟರ್ ಕತ್ತರಿಯನ್ನು ನನ್ನ ಕೈಗೇ ಇಟ್ಟರು, ನೀವಽ ತಗೀರಿ ಅಕ್ಕಾ, ನಾವು ಮುಟ್ಟಿದ್ರ ಮಂದಿ ಬೈತಾರ, ಅತ್ತೆ ಕಣ್ಣು ಬಿಟ್ಟೇ ಇದ್ದರು, ಕೈಯಾಗರೆ ಇರಲಿ ಅಂದರು, ಎಡಗೈ ಎತ್ತಿದರು, ದಿನಾ ಪೂಜೆಗೆ ಲಿಂಗ ಹಿಡಿಯುವ ಕೈ, ಸಿಸ್ಟರನ್ನು ಕೇಳಿದೆ, ಮಂಪರಿನಲ್ಲಿ ಮುಷ್ಟಿ ನಿಲ್ಲುವುದಿಲ್ಲ ಅಂದರು, ಒಳಗ ಹೋದಮ್ಯಾಲೆ ಕೊಡ್ತಾರ್ರೀ ಅತ್ತಿ ಅಂದೆ, ಸುಳ್ಳು, ಕತ್ತರಿಸಿದೆ, ದಾರ ಕೂತಿದ್ದ ಜಾಗದಲ್ಲಿ ಬಿಳಿ ಗೆರೆ, ಬಿಸಿಲನ್ನೇ ಕಾಣದ ಚರ್ಮ, ಕೂಸಿನ ಮೈಯಂತೆ — ಫೋನು, ಮಗಳು ಸಮೃದ್ಧಿ, ಅವ್ವಾ ಅಂಗಿ ಒಯ್ಯಾಕ ಮಂದಿ ಬಂದು ಕುಂತಾರ, ಆಯಿ ಯಾವಾಗ ಬರ್ತಾಳ, ಬರ್ತಾಳ ಅಂದೆ, ಇನ್ನೊಂದು ಸುಳ್ಳು, ಇರಲಿಕ್ಕಿಲ್ಲ, ಬರಬಹುದು, ಬಂದರೆ ಹೊಸ ದಾರ ಹಾಕಬೇಕು, ಗಿಡ್ಡದ್ದೇ, ಎದೆಯ ಮೇಲೆ ಕೂರುವಂಥದ್ದು, ಕರಡಿಗೆ ತಣ್ಣಗಾಗುತ್ತಿದೆಯೇ, ಬಿಗಿಯಾಗಿ ಹಿಡಿದೆ, ಬೆವರಿಗೆ ಜಾರುತ್ತಿದೆ — ದೀಪ ಆರಿತು, ಡಾಕ್ಟರು ಟೋಪಿ ತೆಗೆಯುತ್ತ ಬಂದರು, ಕೂಡಿಸಿದ್ವಿ, ಅಂಚು ಹಿಡೀಲಿಲ್ಲ, ಹೋದ್ರು, ಹಿಂದೆಯೇ ಸಿಸ್ಟರ್ ಕೈ ಚಾಚಿದರು, ಈಗ ಕೊಡ್ರಿ ಅಕ್ಕಾ, ಎಡಗೈಯಾಗ ಇಡೂಣು — ಈಗ — ಬಿಳಿ ಗೆರೆ — ಮುಷ್ಟಿ ಬಿಚ್ಚುತ್ತಿಲ್ಲ — ಕುತ್ತಿಗೆಯ ಸುತ್ತ ಬಿಳಿ ಗೆರೆ — ಜೀವ ಇರುವತನಕ ಅಂದಿದ್ದೆ. ಜೀವ ಇರುವಾಗಲೇ ಇಳಿಸಿದೆ.