ಹದಿನಾಲ್ಕು ಸಹಿಗಳು

ಗೇರು ಬದಲಿಸುವಾಗ ಬಸ್ಸಿನ ಹೊಟ್ಟೆಯಲ್ಲಿ ಏನೋ ಕರಕರ ಅಂತು, ಬೇರಿಂಗ್ ಸವೆದಿದೆ, ಇನ್ನು ಎರಡು ವಾರ ತಡೆದರೆ ಹೆಚ್ಚು ಅಂತ ಕವನಳ ಕಿವಿ ತಾನಾಗಿಯೇ ಹೇಳಿತು — ಅಯ್ಯೋ, ಅವಳಿಗೆಲ್ಲಿಯ ಕಿವಿ, ಇದು ಸಣ್ಣಯ್ಯ ಮಾವ ಕಲಿಸಿಕೊಟ್ಟ ಕಿವಿ, ಆ ಮಾವನೇ ಎರಡು ಸೀಟು ಮುಂದೆ ಕಿಟಕಿ ಪಕ್ಕ ಕೂತಿದ್ದಾರೆ, ಎರಡು ವರ್ಷದಿಂದ ಇಬ್ಬರದೂ ಇದೇ ಬಸ್ಸು, ಟಿ. ನರಸೀಪುರದಿಂದ ನಂಜನಗೂಡಿಗೆ, ಒಂದೇ ಕಾಗದದ ಕಾರ್ಖಾನೆಗೆ, ಅವರು ಗಾಳಿ ಊದುವ ಬ್ಲೋವರ್ ಯಂತ್ರದ ಆಪರೇಟರ್, ಹತ್ತೊಂಬತ್ತು ವರ್ಷದಿಂದ ಕಂಟ್ರಾಕ್ಟು, ಅವಳು ಟ್ರೈನಿ ಇಂಜಿನಿಯರ್, ಜೊತೆಗೆ ಎಂ.ಟೆಕ್ ಬೇರೆ, ಬೈಂಡಾದ ಥೀಸಿಸ್ಸು ತೊಡೆ ಮೇಲಿನ ಬ್ಯಾಗಿನಲ್ಲಿ ಕಲ್ಲಿನ ಹಾಗೆ ಕೂತಿದೆ, ನಾಳೆ ವೈವಾ. ಏನ್ ಸಣ್ಣಯ್ಯ, ಬಿಳೀ ಶರ್ಟು ಇಸ್ತ್ರಿ ಗಿಸ್ತ್ರಿ, ಯಾರ್ ಮದ್ವೆ ಅಂತಾನೆ ಕಂಡಕ್ಟರ್. ಮದ್ವೆ ಇಲ್ಲ ಕಣಪ್ಪ, ಎಚ್ಚಾರ್ ಸಾಯೇಬ್ರು ಕರ್ಸವ್ರೆ, ನಮ್ ಮಗ ಬುಕ್ಕಲ್ಲಿ ನನ್ ಎಸ್ರು ಆಕವ್ಳಲ್ಲ, ಅದ ನೋಡವ್ರೆ, ಪರ್ಮನೆಂಟ್ ಮಾಡ್ತಾರೇನೋ. ಆಮೇಲೆ ಹಿಂದೆ ತಿರುಗಿ ಅವಳನ್ನು ನೋಡಿ ನಗುತ್ತಾರೆ, ಅವಳೂ ನಗುತ್ತಾಳೆ, ನಾಚಿಕೆಗೆಟ್ಟವಳು, ಹೊಟ್ಟೆಗೆ ಏನು ತಿನ್ನುತ್ತೀಯೇ ನೀನು.

ಹೆಸರು ಹಾಕಿದ್ದು ನಿಜ, ಯಾವ ಪುಟದಲ್ಲಿ ಹಾಕಿದೆ ಅಂತ ಮಾತ್ರ ಹೇಳಿಲ್ಲ. ಮಾವ ಕಬ್ಬಿಣದ ಸರಳಿನ ಒಂದು ತುದಿಯನ್ನು ಬ್ಲೋವರಿನ ಬೇರಿಂಗಿಗೆ ಒತ್ತಿ ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು ಕಣ್ಣು ಮುಚ್ಚುತ್ತಿದ್ದರು, ಇಲ್ಲಿ ಒಂದ್ ಗುಂಡು ಕುಂಟ್ತದೆ ಕಣ್ ಮಗ, ಬರ್ಕೊ ಅಂತಿದ್ದರು, ಅವಳು ಪುಟ್ಟ ಡೈರಿಯಲ್ಲಿ ಗಂಟೆ ಬರೆದುಕೊಳ್ಳುತ್ತಿದ್ದಳು, ಥೀಸಿಸ್ಸಿಗೆಂದು ಅವಳು ಯಂತ್ರಕ್ಕೆ ಅಂಟಿಸಿದ ಸೆನ್ಸರು ಅದನ್ನೇ ಆಮೇಲೆ ಯಾವಾಗಲೋ ಹೇಳುತ್ತಿತ್ತು, ಒಮ್ಮೆ ನಲವತ್ತು ನಿಮಿಷ ಬಿಟ್ಟು, ಒಮ್ಮೆ ಎರಡು ದಿನ ಬಿಟ್ಟು. ವರ್ಷದಲ್ಲಿ ಹದಿನಾಲ್ಕು ದೋಷ, ಹನ್ನೊಂದು ಸಲ ಮಾವನೇ ಮೊದಲು, ಸೆನ್ಸರು ಮೂರೇ ಸಲ. ಗೈಡ್ ಮೇಡಂ ಕನ್ನಡಕ ತೆಗೆದು, ಕವನ, ಮನುಷ್ಯ ಮೊದಲು ಹೇಳಿದ ಅನ್ನೋದಕ್ಕೆ ಯಾರಮ್ಮ ಎಂ.ಟೆಕ್ ಕೊಡ್ತಾರೆ, ಈಗಾಗಲೇ ಎರಡು ಸಲ ಟೈಮ್ ಎಕ್ಸ್‌ಟೆಂಡ್ ಮಾಡಿಸಿದ್ದೀನಿ, ಇನ್ನಾಗಲ್ಲ, ಇನ್ನೊಂದು ಸಲ ಡೇಟಾ ನೋಡು. ನೋಡು ಅಂದರು ಅಷ್ಟೆ, ತಿದ್ದು ಅನ್ನಲಿಲ್ಲ, ಅವರ ಮೇಲೆ ಯಾಕೆ ಹಾಕಬೇಕು, ಕೈ ಇವಳದೇ — ಆಪರೇಟರ್ ಗಮನಿಸಿದ ವೇಳೆ, ಸೆನ್ಸರ್ ಸೂಚಿಸಿದ ವೇಳೆ, ಎರಡು ಕಾಲಂ, ಎರಡರ ತಲೆಬರಹ ಅದಲು ಬದಲು ಮಾಡಿದಳು, ಒಂದು ನಿಮಿಷದ ಕೆಲಸ, ಒಂದು ಅಂಕಿಯೂ ಸುಳ್ಳಲ್ಲ ಅಂತ ಸಮಾಧಾನ ಬೇರೆ ಮಾಡಿಕೊಂಡಳು.

ಫೇರ್ ಕಾಪಿ ಮಾವ, ಸಾಲಿಗೊಂದು ಸೈನ್ ಬೇಕು ಅಂದಾಗ ಟೀ ಹೊತ್ತು, ಅವರು ಲೋಟ ಕೆಳಗಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಎಲ್ಲಾಕ್ಲಿ ಮಗ, ಅವಳು ಬೆರಳಿಟ್ಟು ತೋರಿಸಿದಳು, ಇಲ್ಲಿ, ಅವರು ಹಾಳೆ ನೋಡಲಿಲ್ಲ, ಬೆರಳು ನೋಡಿದರು, ನಾಲಿಗೆ ತುದಿ ಕಚ್ಚಿಕೊಂಡು ಸ ಬರೆದರು, ಣ ಬರೆದು ಒತ್ತು ಎಳೆದರು, ಯ ಬರೆದು ಅದಕ್ಕೂ ಒತ್ತು, ಮತ್ತೆ ಎಲ್ಲಾಕ್ಲಿ, ಇಲ್ಲಿ ಮಾವ, ಹದಿನಾಲ್ಕು ಸಲ ಕೇಳಿದರು, ಹದಿನಾಲ್ಕು ಸಲ ಬೆರಳಿಟ್ಟಳು, ಟೀ ತಣ್ಣಗಾಯಿತು. ಕಾಲೇಜಿಗೆ ಕೊಡುವ ಮೊದಲು ಕಂಪನಿಗೆ ತೋರಿಸಬೇಕು ಅನ್ನುವುದು ರೂಲು, ತೋರಿಸಿದಳು, ಎಚ್ಆರ್ ಮಾದೇಶ್ ಸರ್ ಕೊನೆಯ ಪುಟಕ್ಕೆ ಹಳದಿ ಗೆರೆ ಎಳೆದರು, ಪಾಳಿಗೊಬ್ಬ ಆಪರೇಟರನ್ನು ಕಡಿಮೆ ಮಾಡಬಹುದು — ಅದು ಯಾರೂ ಓದದ ಸಾಲು, ಥೀಸಿಸ್ಸಿನ ಕೊನೆಯಲ್ಲಿ ಎಲ್ಲರೂ ಏನಾದರೊಂದು ಬರೆಯುತ್ತಾರೆ ಅಂತ ಅವಳೂ ಬರೆದದ್ದು.

ಹೇಳಿಬಿಡಬೇಕು, ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತೇನೆ, ಸೇತುವೆ ದಾಟಿತು, ಬಸ್ ಸ್ಟ್ಯಾಂಡ್ ಬಂತು, ಜನ ಇದ್ದಾರೆ, ಗೇಟಿನ ಹತ್ತಿರ ಹೇಳುತ್ತೇನೆ, ಡೈರಿ ಬ್ಯಾಗಿನಲ್ಲೇ ಇದೆ, ತೆಗೆದು ತೋರಿಸಿದರೆ ಮುಗಿಯಿತು, ಥೀಸಿಸ್ಸೂ ಮುಗಿಯಿತು, ಟ್ರೈನಿ ಕೆಲಸವೂ, ಊರಿನಲ್ಲಿ ಅವ್ವ ಆಗಲೇ ನಮ್ ಕವನ ದೊಡ್ ಇಂಜಿನಿಯರು ಅಂತ ಬೀದಿಗೆಲ್ಲ ಹೇಳಿದ್ದಾಳೆ — ಗೇಟೂ ಬಂತು, ಮಾವ ತಲೆಗೂದಲು ಸರಿ ಮಾಡಿಕೊಂಡು, ಚೆಂದಾಗ್ ಕಾಣ್ತೀನಾ ಮಗ, ಅಂದರು. ಚೆಂದಾಗಿದ್ದೀರ ಮಾವ. ಅಷ್ಟೇ ಬಾಯಿಂದ ಬಂದದ್ದು.

ನೀವೂ ಬನ್ನಿ ಕವನ, ಡೇಟಾ ನಿಮ್ಮದಲ್ಲವಾ. ಮಾದೇಶ್ ಸರ್ ಕೆಟ್ಟವರಲ್ಲ, ಮೆತ್ತಗೆ ಮಾತಾಡುತ್ತಾರೆ, ಕೂತ್ಕೊಳ್ಳಿ ಸಣ್ಣಯ್ಯ, ನೀರು ಕುಡೀರಿ, ಹದಿನಾಲ್ಕರಲ್ಲಿ ಹನ್ನೊಂದು ಸಲ ನೀವು ಲೇಟು, ನಾವು ಹೇಳ್ತಿಲ್ಲ, ರೆಕಾರ್ಡ್ ಹೇಳ್ತಿದೆ, ಇದು ನಿಮ್ಮ ಸಹಿ ತಾನೆ. ಈಗ ಕೇಳುತ್ತಾರೆ, ಈಗ ಮಾವ ತಿರುಗಿ ಅವಳ ಮುಖಕ್ಕೆ ಉಗಿಯುತ್ತಾರೆ, ಉಗಿಯಲಿ, ದೇವರೇ ಉಗಿದುಬಿಡಲಿ, ಆಗಲಾದರೂ ಡೈರಿ ಹೊರಗೆ ಬಂದೀತು — ಮಾವ ಹಾಳೆಯನ್ನು ಹತ್ತಿರ ಹಿಡಿದು ದೂರ ಹಿಡಿದು ನೋಡುತ್ತಾರೆ, ಸೈನು ನಂದೇಯ ಸಾ. ಬಲಗಿವಿ ಮುಟ್ಟಿ ನೋಡಿಕೊಂಡು, ಮಗ ಬರ್ದದೆ ಅಂದ್ಮೇಕೆ ಸರ್ಯಾಗೇ ಇರ್ತದೆ ಬುಡಿ ಸಾ, ನನ್ ಕಿವೀನೇ ಮಂದ ಆಗದೆ, ನಂಗೇ ತಿಳೀನಿಲ್ಲ. ಅವಳ ಕೈ ಬ್ಯಾಗಿನ ಜಿಪ್ಪಿನವರೆಗೆ ಹೋಗುತ್ತದೆ, ಮಾದೇಶ್ ಸರ್ ಇನ್ನೊಂದು ಹಾಳೆ ಮುಂದೆ ಸರಿಸುತ್ತಾರೆ, ಈ ತಿಂಗಳ ಕೊನೆಗೆ ಕೆಲಸ ಬಿಡಲು ಒಪ್ಪಿದ್ದೇನೆ ಅಂತ ಟೈಪಾದ ಹಾಳೆ, ಪೆನ್ನು ಕೊಡುತ್ತಾರೆ, ಮಾವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್ನು ತಗೊಂಡು, ಬಿಳಿ ಅಂಗಿಯ ತೋಳು ಮೇಲೆ ಸರಿಸಿ, ಸಾಯೇಬರನ್ನು ಕೇಳದೆ ಅವಳ ಕಡೆ ತಿರುಗಿ, ಎಲ್ಲಾಕ್ಲಿ ಮಗ — ಅವಳ ಬೆರಳು, ಅವಳದೇ ಬೆರಳು, ಆಗಲೇ ಹಾಳೆಯ ಮೇಲೆ ಇದೆ, ಇಲ್ಲಿ, ಇಲ್ಲಿ, ಇಲ್ಲಿ